ಕಡಲಿಗೆ ಮಳೆರಜೆ ಕೊಡುವವರು ಯಾರು?

ಆರಿದ್ರಾ ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಸಂಜೆಯಾಗುತ್ತಲೇ ಒಂದೇ ಮಾತು: ನಾಳೆ ಶಾಲೆಗೆ ರಜೆಯೋ, ಅಲ್ಲವೋ? ಹೋದ ವರ್ಷದ ಆದೇಶವೊಂದು ತಾರೀಕು ಕತ್ತರಿಸಿಕೊಂಡು ವಾಟ್ಸಾಪ್‌ನಲ್ಲಿ ಸುತ್ತಾಡುತ್ತದೆ. ಮಕ್ಕಳು ಕುಣಿದು ಮುಗಿಸುವ ಹೊತ್ತಿಗೆ ಅದು ಸುಳ್ಳೆಂದು ಗೊತ್ತಾಗುತ್ತದೆ. ಕಳೆದ ಮಳೆಗಾಲದಲ್ಲಿ ಹೀಗೇ ಕಾಯುತ್ತಿದ್ದಾಗ ತಮ್ಮನ ಮಗಳು ನನ್ನ ಫೋನಿಗೆ ಇಣುಕಿದಳು. ಸಿಡ್ನಿ–ಹೋಬಾರ್ಟ್ ಹಾಯಿದೋಣಿ ಪಂದ್ಯದ ವಿಡಿಯೊ ಓಡುತ್ತಿತ್ತು. ದೋಣಿಯ ಮೂತಿ ಅಲೆಯೊಳಗೆ ಮುಳುಗಿ ಏಳುತ್ತಿತ್ತು, ಹಗ್ಗ ಕಟ್ಟಿಕೊಂಡ ಜನ ಅಂಚಿನಲ್ಲಿ ಸಾಲಾಗಿ ಕೂತು ತೋಯುತ್ತಿದ್ದರು. ‘ದೊಡ್ಡಪ್ಪ, ಇವ್ರಿಗೆ ಡಿಸಿ ರಜೆ ಕೊಡಲ್ವಾ?’ ಅಂದಳು.

ಕೊಡುವುದಿಲ್ಲ. ಪಂದ್ಯಕ್ಕೆ ಇಳಿಯಬೇಕೋ ಬೇಡವೋ, ಇಳಿದ ಮೇಲೆ ಮುಂದುವರಿಯಬೇಕೋ ಬೇಡವೋ ಎಂಬ ತೀರ್ಮಾನದ ಹೊಣೆ ಆಯಾ ದೋಣಿಯದ್ದು ಮಾತ್ರ ಎಂದು ಈ ಆಟದ ಅಂತಾರಾಷ್ಟ್ರೀಯ ನಿಯಮಾವಳಿಯ ಮೂಲ ನಿಯಮಗಳಲ್ಲೇ ಬರೆದಿದೆ. ಒಂದು ಸಾಲಿನ ಮಾತು. ಅದರ ಬೆಲೆ ಎಷ್ಟೆಂದು ತಿಳಿಯಲು ನೂರು ವರ್ಷ ಹಿಡಿದಿದೆ.

1925ರಲ್ಲಿ ಇಂಗ್ಲೆಂಡಿನಿಂದ ಏಳು ದೋಣಿಗಳು ಹೊರಟು, ಐರ್ಲೆಂಡಿನ ನೈಋತ್ಯ ತುದಿಯ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಮರಳಿದವು. ಗೆದ್ದದ್ದು ‘ಜೋಲಿ ಬ್ರೀಜ್’. ಆಗ ಸುಮಾರು 600 ನಾಟಿಕಲ್ ಮೈಲಿಯದ್ದಾಗಿದ್ದ ಫಾಸ್ಟ್‌ನೆಟ್ ಪಂದ್ಯ ಶುರುವಾದದ್ದು ಹೀಗೆ. ಸಿಡ್ನಿಯದ್ದು ಇನ್ನೂ ಸ್ವಾರಸ್ಯದ ಕತೆ. 1945ರ ಕ್ರಿಸ್‌ಮಸ್ ರಜೆಯಲ್ಲಿ ಕೆಲವು ಗೆಳೆಯರು ತಾಸ್ಮೇನಿಯಾ ದ್ವೀಪದ ಹೋಬಾರ್ಟ್‌ಗೆ ಆರಾಮಾಗಿ ಹೋಗಿಬರುವ ಯೋಚನೆಯಲ್ಲಿದ್ದರು. ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಜಾನ್ ಇಲಿಂಗ್‌ವರ್ತ್ ‘ಪಂದ್ಯವನ್ನೇ ಮಾಡೋಣ’ ಎಂದರು. ಒಂಬತ್ತು ದೋಣಿ ಹೊರಟವು. ಬಿರುಗಾಳಿ ಎದ್ದಾಗ ಉಳಿದವರು ಆಸರೆ ಹುಡುಕಿಕೊಂಡರೆ ಇಲಿಂಗ್‌ವರ್ತ್ ತಮ್ಮ ಪುಟ್ಟ ‘ರಾಣಿ’ಯನ್ನು ಮುಂದಕ್ಕೇ ನಡೆಸಿದರು. ‘ರಾಣಿ’ ಮುಳುಗಿತೆಂದೇ ಜನ ಭಾವಿಸಿದ್ದರು. ಅಷ್ಟರಲ್ಲಿ ಅದು ಎಲ್ಲರಿಗಿಂತ ಮೊದಲು ಹೋಬಾರ್ಟ್ ತಲುಪಿತ್ತು. ನಿಲ್ಲದವನೇ ಗೆಲ್ಲುತ್ತಾನೆ ಎಂಬ ಹುಚ್ಚು ಈ ಪಂದ್ಯಕ್ಕೆ ಹುಟ್ಟುತ್ತಲೇ ಅಂಟಿದ್ದು ಅಲ್ಲಿ ಎಂದು ನನಗನ್ನಿಸುತ್ತದೆ.

ಆ ಹುಚ್ಚಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1979ರ ಆಗಸ್ಟ್‌ನಲ್ಲಿ. ಫಾಸ್ಟ್‌ನೆಟ್‌ಗೆ ಹೊರಟ ದೋಣಿಗಳು 303. 13ರ ರಾತ್ರಿ ಎದ್ದ ಬಿರುಗಾಳಿಗೆ 15 ಸ್ಪರ್ಧಿಗಳು ಸತ್ತರು, ಐದು ದೋಣಿಗಳು ಮುಳುಗಿದವು, ಗುರಿ ಮುಟ್ಟಿದವು ನೂರನ್ನೂ ದಾಟಲಿಲ್ಲ. ಆಮೇಲಿನ ತನಿಖೆಯಲ್ಲಿ ಎದ್ದು ಕಂಡ ಸಂಗತಿ ಬೇರೆಯೇ. ಜನ ಬಿಟ್ಟುಹೋದ 24 ದೋಣಿಗಳಲ್ಲಿ 19 ಮುಳುಗಿರಲೇ ಇಲ್ಲ! ಬೆಳಗಾದ ಮೇಲೆ ಖಾಲಿಯಾಗಿ ತೇಲುತ್ತ ಸಿಕ್ಕವು. ಅವುಗಳಿಂದ ರಬ್ಬರಿನ ಜೀವರಕ್ಷಕ ತೆಪ್ಪಕ್ಕೆ ಇಳಿದವರಲ್ಲಿ ಹಲವರು ತೆಪ್ಪ ಮಗುಚಿಯೋ ಹರಿದೋ ಸತ್ತಿದ್ದರು. ದೋಣಿ ಪೂರ್ತಿ ಮುಳುಗಿ ತೆಪ್ಪಕ್ಕಿಂತ ಕೆಳಗಾಗುವಾಗ ಮಾತ್ರ ತೆಪ್ಪಕ್ಕೆ ‘ಮೇಲೆ ಹತ್ತಬೇಕು’ ಎಂದು ಇಂದಿಗೂ ನಾವಿಕರಿಗೆ ಕಲಿಸುವ ಪಾಠ ಆ ರಾತ್ರಿಯದ್ದು. ಅನೇಕ ದೋಣಿಗಳಲ್ಲಿ ರೇಡಿಯೊ ಕೂಡ ಇರಲಿಲ್ಲ. ಆಮೇಲೆ ಅದು ಕಡ್ಡಾಯವಾಯಿತು.

ಅಲೆ ದೋಣಿಯನ್ನು ಮಗುಚುವುದು ಹೇಗೆ? ಎತ್ತರದ ಅಲೆಯೆಂದರೆ ಸಾಕು, ದೋಣಿ ಹೋಯಿತು ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಉದ್ದಕ್ಕೆ ಇಳಿಜಾರಾದ ಅಲೆ ಎಷ್ಟೇ ಎತ್ತರವಿದ್ದರೂ ದೋಣಿ ಗುಡ್ಡ ಹತ್ತಿ ಇಳಿದ ಹಾಗೆ ದಾಟುತ್ತದೆ. ಕೊಲ್ಲುವುದು ತಲೆ ಒಡೆದು ಮುರಿದು ಬೀಳುವ ಅಲೆ. ದೋಣಿಯ ಉದ್ದದ ಮೂರರಲ್ಲೊಂದು ಪಾಲು ಎತ್ತರದ ಒಡೆಯುವ ಅಲೆ ಪಕ್ಕೆಗೆ ಬಡಿದರೂ ಕೆಲವು ದೋಣಿಗಳು ಮಗುಚುತ್ತವೆ. ಸಿಡ್ನಿ–ಹೋಬಾರ್ಟ್ ದಾರಿಯಲ್ಲಿ, ಆಸ್ಟ್ರೇಲಿಯಾಕ್ಕೂ ತಾಸ್ಮೇನಿಯಾಕ್ಕೂ ನಡುವಿನ ಬಾಸ್ ಜಲಸಂಧಿಯಲ್ಲಿ ಇಂಥ ಅಲೆ ಏಳಲು ಎಲ್ಲವೂ ಕೂಡಿ ಬರುತ್ತದೆ. ನೀರಿನ ಆಳ ಸುಮಾರು 60 ಮೀಟರ್ ಅಷ್ಟೇ. ಮೇಲಿಂದ ದಕ್ಷಿಣಕ್ಕೆ ಹರಿಯುವ ಬೆಚ್ಚನೆಯ ಪೂರ್ವ ಆಸ್ಟ್ರೇಲಿಯಾ ಪ್ರವಾಹಕ್ಕೆ ದಕ್ಷಿಣದ ಬಿರುಗಾಳಿ ಎದುರಾಗುತ್ತದೆ. ಹೊಳೆಯ ಸೆಳವಿಗೆ ಎದುರು ಗಾಳಿ ಬೀಸಿದರೆ ನೀರು ಸೆಟೆದು ನಿಲ್ಲುವುದನ್ನು ತುಂಗಾ ತೀರದವರು ನೋಡಿರುತ್ತಾರೆ. ಅದನ್ನೇ ನೂರು ಪಟ್ಟು ಹಿಗ್ಗಿಸಿಕೊಳ್ಳಿ.

1998ರ ಡಿಸೆಂಬರ್ 26ರ ಮಧ್ಯಾಹ್ನ 115 ದೋಣಿಗಳು ಸಿಡ್ನಿ ಬಿಟ್ಟವು. ಹವಾಮಾನ ಇಲಾಖೆ ಎಚ್ಚರಿಕೆಯನ್ನು ಬಿರುಗಾಳಿಯ ಮಟ್ಟಕ್ಕೆ ಏರಿಸಿದ್ದು ಅವು ಹೊರಟು ಒಂದು ತಾಸಿನ ಮೇಲೆ. ಮರುದಿನ ಗಾಳಿಯ ವೇಗ ಗಂಟೆಗೆ 120 ಕಿ.ಮೀ. ದಾಟಿತು. ಆರು ಜನ ಸತ್ತರು, 55 ಮಂದಿಯನ್ನು ಎತ್ತಿ ತರಬೇಕಾಯಿತು, ಹೋಬಾರ್ಟ್ ಮುಟ್ಟಿದ್ದು 44 ದೋಣಿ. 1945ರ ಮೊದಲ ಪಂದ್ಯದಲ್ಲಿ ಓಡಿದ್ದ ಮರದ ದೋಣಿ ‘ವಿನ್‌ಸ್ಟನ್ ಚರ್ಚಿಲ್’ ಮುಳುಗಿತು. ಅದರ ಒಂಬತ್ತು ಜನರಲ್ಲಿ ಮೂವರು ತೆಪ್ಪದಿಂದ ಕಡಲುಪಾಲಾದರು. ಅದೇ ಗಾಳಿಯಲ್ಲಿ, ದೋಣಿಯ ಗಾತ್ರ ನೋಡಿ ಸಮಯ ಸರಿತೂಗಿಸುವ ಲೆಕ್ಕದಲ್ಲಿ, ಒಟ್ಟು ಪಂದ್ಯ ಗೆದ್ದದ್ದು ಕೇವಲ 35 ಅಡಿಯ ‘ಮಿಡ್‌ನೈಟ್ ರ‍್ಯಾಂಬ್ಲರ್’.

ಸಾವಿನ ವಿಚಾರಣೆ ನಡೆಸಿದ ಕೊರೋನರ್ ಆಯೋಜಕರನ್ನೂ ಹವಾಮಾನ ಇಲಾಖೆಯನ್ನೂ ಬಿಡಲಿಲ್ಲ. ಮುನ್ಸೂಚನೆಯಲ್ಲಿ ಹೇಳುವ ವೇಗ ಸರಾಸರಿ, ಒಮ್ಮೊಮ್ಮೆ ರಭಸದಿಂದ ಬೀಸಿ ಬರುವ ಗಾಳಿ ಅದಕ್ಕಿಂತ ಶೇ 40ರಷ್ಟು ಜಾಸ್ತಿ ಇರಬಹುದು, ಅತಿ ದೊಡ್ಡ ಅಲೆ ಹೇಳಿದ್ದರ ಎರಡರಷ್ಟಿರಬಹುದು. ಇದು ಹವಾಮಾನದವರಿಗೆ ಗೊತ್ತಿತ್ತು, ದೋಣಿಯವರಲ್ಲಿ ಹಲವರಿಗೆ ಗೊತ್ತಿರಲಿಲ್ಲ. ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಎಂದು ದಿನಾ ಕೇಳುವ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಎಷ್ಟು ಮಿಲಿಮೀಟರ್ ಎಂದು ಗೊತ್ತು, ಹೇಳಿ?

ಆಮೇಲೆ ಬಂದ ನಿಯಮಗಳಲ್ಲಿ ನನಗೆ ಇಷ್ಟವಾದದ್ದು ಒಂದು. ಬಾಸ್ ಜಲಸಂಧಿಗೆ ಇಳಿಯುವ ಮುನ್ನ, ಗ್ರೀನ್ ಕೇಪ್ ಎಂಬಲ್ಲಿ ಪ್ರತಿ ದೋಣಿಯೂ ರೇಡಿಯೊದಲ್ಲಿ ಹೇಳಬೇಕು: ದೋಣಿ ಸರಿಯಿದೆ, ಜನ ಸರಿಯಿದ್ದಾರೆ, ನಾವು ಮುಂದುವರಿಯುತ್ತಿದ್ದೇವೆ. ತೀರ್ಮಾನ ಈಗಲೂ ಕಪ್ತಾನನದೇ. ಆದರೆ ಅದನ್ನು ಬಾಯಿಬಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಇಂಗ್ಲೆಂಡಿನವರು ಇನ್ನೊಂದು ಹೆಜ್ಜೆ ಹೋದರು. 2007ರಲ್ಲಿ ಮೊದಲ ಬಾರಿಗೆ ಫಾಸ್ಟ್‌ನೆಟ್ ಪಂದ್ಯವನ್ನೇ 25 ತಾಸು ಮುಂದೂಡಿದರು. ಡಿಸಿ ರಜೆಗೆ ಅತಿ ಹತ್ತಿರದ್ದೆಂದರೆ ಇದೇ. ಆದರೂ ಹೊರಟವರಲ್ಲಿ ಮುಕ್ಕಾಲು ಪಾಲು ಅರ್ಧಕ್ಕೇ ಮರಳಿದರು. ನಿಯಮದಿಂದ ಎಲ್ಲ ತಪ್ಪುತ್ತದೆಂದೂ ಅಲ್ಲ. 2024ರ ಸಿಡ್ನಿ–ಹೋಬಾರ್ಟ್‌ನಲ್ಲಿ ಎರಡು ಬೇರೆ ಬೇರೆ ದೋಣಿಗಳಲ್ಲಿ ಇಬ್ಬರು ಸತ್ತದ್ದು ಮುಳುಗಿ ಅಲ್ಲ, ಒಬ್ಬರು ಹಾಯಿಯ ಅಡ್ಡಗೋಲು ಬಡಿದು, ಇನ್ನೊಬ್ಬರು ಅದರ ಹಗ್ಗ ಬಡಿದು.

ಇಷ್ಟಾದರೂ ಯಾಕೆ ಹೋಗುತ್ತಾರೆ? ನನಗೆ ಕಡಲ ಅನುಭವವಿಲ್ಲ. ಹೊನ್ನೆಮರಡು ಹಿನ್ನೀರಿನಲ್ಲಿ ಒಮ್ಮೆ ಪುಟ್ಟ ಹಾಯಿದೋಣಿ ಹತ್ತಿದ್ದಷ್ಟೇ. ಪಡುವಣ ಗಾಳಿ ಒಮ್ಮೆಲೇ ಬಲವಾಯಿತು. ಕೈಯ ಹಗ್ಗ ಜೀವ ಬಂದ ಹಾಗೆ ಎಳೆಯಿತು, ದೋಣಿ ಒಂದು ಮಗ್ಗುಲಿಗೆ ವಾಲಿ ನೀರು ಸೀಳತೊಡಗಿತು. ಮುಳುಗಡೆಯಾದ ಕಾಡಿನ ಮರದ ಬೊಡ್ಡೆಗಳು ಪಕ್ಕದಲ್ಲೇ ಸರಿದುಹೋದವು. ಜೊತೆಗಿದ್ದವರು ‘ಸಾಕು ಮಾರಾಯ್ರೇ, ಹಗ್ಗ ಬಿಡಿ’ ಎಂದು ಕೂಗುತ್ತಿದ್ದರು. ಬಿಡಬೇಕೆಂದು ಗೊತ್ತಿತ್ತು, ಕೈ ಬಿಡಲಿಲ್ಲ. ಎರಡೇ ನಿಮಿಷ. ಆಮೇಲೆ ಮಗುಚಿಕೊಂಡೆವು, ಆ ಮಾತು ಬೇರೆ. ರಾತ್ರಿ ಕಡಲಲ್ಲಿ ಅಲೆ ಕಾಣುವ ಮೊದಲು ಅದರ ಸದ್ದು ಕೇಳುತ್ತದಂತೆ. ಅಡಿಕೆ ತೋಟದ ಆಚೆಯಿಂದ ಮಳೆ ಬರುವುದು ಅಂಗಳಕ್ಕೆ ಕೇಳುತ್ತದಲ್ಲ, ಹಾಗೆ. ನಮಗೆ ಒಳಗೆ ಓಡಲು ಜಗಲಿಯಿದೆ.

ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ 2018ರ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ಒಬ್ಬರೇ ಹೊರಟರು. ಭೂಮಿಯನ್ನು ಎಲ್ಲೂ ನಿಲ್ಲದೆ ಸುತ್ತುವ ಪಂದ್ಯ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕು ಹಾಯಿಕಂಬ ಮುರಿಯಿತು, ಬೆನ್ನುಮೂಳೆಯೂ ಮುರಿಯಿತು. ಏಳಲಾಗದೆ ಮಲಗಿದ್ದವರನ್ನು ಮೂರು ದಿನಗಳ ಮೇಲೆ ಫ್ರಾನ್ಸಿನ ಹಡಗೊಂದು ಎತ್ತಿಕೊಂಡಿತು. ಬೆನ್ನಿಗೆ ಟೈಟಾನಿಯಂ ಸರಳು ಹಾಕಿಸಿಕೊಂಡು 2022ರಲ್ಲಿ ಅವರು ಮತ್ತೆ ಅದೇ ಪಂದ್ಯಕ್ಕೆ ಹೋದರು. 236 ದಿನ ತೇಲಿ ಎರಡನೆಯವರಾಗಿ ಬಂದರು.

ಮೊದಲು ಬಂದದ್ದು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್. ಪಂದ್ಯದ ನಡುವೆ ಫಿನ್ಲೆಂಡಿನ ಸ್ಪರ್ಧಿಯೊಬ್ಬರ ದೋಣಿ ಐದೇ ನಿಮಿಷದಲ್ಲಿ ಮುಳುಗಿತ್ತು. ಕರ್ಸ್ಟನ್ ದಾರಿ ಬಿಟ್ಟು ಹೋಗಿ ಅವರನ್ನು ತೆಪ್ಪದಿಂದ ತಮ್ಮ ದೋಣಿಗೆ ಹತ್ತಿಸಿಕೊಂಡರು. ಇಬ್ಬರೂ ಕೂತು ಒಂದು ಗುಟುಕು ರಮ್ ಕುಡಿದರು. ಆಮೇಲೆ ಅವರನ್ನು ‘ದರಿಯಾ ಗಾಯತ್ರಿ’ ಎಂಬ ಸರಕು ಹಡಗಿಗೆ ದಾಟಿಸಿ, ಕರ್ಸ್ಟನ್ ಮತ್ತೆ ತಮ್ಮ ದಾರಿ ಹಿಡಿದರು.