ಮೊಳೆ ಹೊಡೆಯದೆ ಡಿಸೈನ್ ವಾಲ್ ಮಾಡಬಹುದಾ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಮಳೆಗಾಲದಲ್ಲಂತೂ ಗೋಡೆಯೇ ತೇವ. ಕ್ವಿಲ್ಟ್, ಅಂದರೆ ಕೌದಿಯ ಬಟ್ಟೆ ತುಂಡುಗಳನ್ನು ಹೊಲಿಯುವ ಮೊದಲು ನೇರ ನಿಲ್ಲಿಸಿ ಜೋಡಿಸಿ ನೋಡಲು ಕಡಿಮೆ ಖರ್ಚಿನ ಡಿಸೈನ್ ವಾಲ್ ಮಾಡಿಕೊಳ್ಳುವುದು ಹೇಗೆ?

ಉತ್ತರ: ಗೋಡೆಯನ್ನು ಮುಟ್ಟಲೇ ಬೇಡಿ. ಬೇಕಾದಾಗ ಇಳಿಬಿಟ್ಟು, ಬೇಡವಾದಾಗ ಸುತ್ತಿ ಎತ್ತಿಡುವಂಥದ್ದು ಮಾಡಿಕೊಳ್ಳಿ. ಸ್ವಂತ ಮನೆಯಾಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ, ಯಾಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಾಸರಗೋಡಿನ ಮಳೆಯಲ್ಲಿ ಗೋಡೆಗೆ ತಾಗಿಕೊಂಡಿರುವ ದಪ್ಪ ಬಟ್ಟೆಯ ಹಿಂಬದಿಗೆ ಬೂಸ್ಟು ಹಿಡಿಯದೆ ಬಿಡುವುದಿಲ್ಲ.

ಇದರಲ್ಲಿ ಮುಖ್ಯ ಬಟ್ಟೆ. ಮಕ್ಕಳ ಬಟ್ಟೆಗೆ ಬಳಸುವ ಕಾಟನ್ ಫ್ಲಾನೆಲ್ ಇದೆಯಲ್ಲ, ಅದೇ ಸಾಕು. ಅದರ ಮೇಲೆ ಎದ್ದಿರುವ ಸಣ್ಣ ನೂಲು ಕಾಟನ್ ತುಂಡಿನ ನೂಲನ್ನು ಹಿಡಿದುಕೊಳ್ಳುತ್ತದೆ, ಪಿನ್ನೇ ಬೇಡ. ಅಂಗಡಿಗೆ ಹೋಗುವಾಗ ಪರ್ಸಿನಲ್ಲಿ ಎರಡೂವರೆ ಇಂಚಿನ ಕಾಟನ್ ತುಂಡೊಂದು ಇಟ್ಟುಕೊಳ್ಳಿ. ಫ್ಲಾನೆಲ್ಲನ್ನು ನೇರ ಎತ್ತಿ ಹಿಡಿದು, ತುಂಡನ್ನು ಅಂಗೈಯಿಂದ ಒತ್ತಿ, ಸ್ವಲ್ಪ ಅಲ್ಲಾಡಿಸಿ. ನಿಂತರೆ ತಗೊಳ್ಳಿ, ಜಾರಿದರೆ ಬಿಡಿ. ಅಂಗಡಿಯವರು ನೋಡಿ ನಕ್ಕರೆ ನಗಲಿ. ಬಣ್ಣ ಬಿಳಿ ಅಥವಾ ತಿಳಿ ಬೂದು ಇರಲಿ, ಆನೆ ಮೊಲದ ಚಿತ್ರ ಇರುವುದು ಬೇಡ, ಕಣ್ಣು ಅಲ್ಲಿಗೇ ಹೋಗುತ್ತದೆ.

ಇನ್ನೂ ಅಗ್ಗ ಬೇಕಾ? ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಕವರ್‌ಗಳಲ್ಲಿ ಕೆಲವಕ್ಕೆ ಹಿಂಬದಿ ಜುಂಗು ಜುಂಗಾಗಿರುತ್ತದೆ. ಅದನ್ನು ತಿರುಗಿಸಿ ತೂಗುಹಾಕಿದರೆ ಆಯ್ತು. ಹಳೆಯ ಫ್ಲಾನೆಲ್ ಹೊದಿಕೆ ಮನೆಯಲ್ಲಿದ್ದರೆ ಖರ್ಚೇ ಇಲ್ಲ.

36 ಇಂಚು ಅಗಲದ ಫ್ಲಾನೆಲ್ ಆದರೆ ಎರಡು ಮೀಟರ್ ಉದ್ದದ ಎರಡು ತುಂಡನ್ನು ಪಕ್ಕಪಕ್ಕ ಜೋಡಿಸಿ. ಒಬ್ಬರು ಹೊದೆಯುವ ಕ್ವಿಲ್ಟ್‌ನ ಬಹುಪಾಲು ಅದರಲ್ಲಿ ಹಿಡಿಸುತ್ತದೆ. ಮೇಲಂಚು, ಕೆಳಂಚು ಎರಡನ್ನೂ ಲಂಗಕ್ಕೆ ಲಾಡಿ ಹಾಕುವ ಹಾಗೆ ಮಡಚಿ ಹೊಲಿದು, ವಯರಿಂಗಿನ ಪಿವಿಸಿ ಪೈಪ್ ತೂರಿಸಿ. ಮೇಲಿನ ಪೈಪಿನ ಎರಡು ತುದಿಗೆ ಹಗ್ಗ ಕಟ್ಟಿ ಕಿಟಕಿಯ ಪರದೆ ರಾಡಿಗೋ ಕಬ್ಬಿಣದ ಕಪಾಟಿನ ಮೇಲಿಂದಲೋ ಇಳಿಬಿಡಬಹುದು. ಕೆಳಗಿನ ಪೈಪು ಭಾರಕ್ಕೆ, ಇಲ್ಲದಿದ್ದರೆ ಬಟ್ಟೆ ಮುದುಡುತ್ತದೆ.

ಇನ್ನು ಫ್ಯಾನು. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಕೂರಲಾಗುವುದಿಲ್ಲ, ಹಾಕಿದರೆ ತುಂಡುಗಳು ಒಂದೊಂದಾಗಿ ಉದುರುತ್ತವೆ. ಅಂಥ ದಿನ ಪಿನ್ ಹಾಕಲೇಬೇಕು. ರೇಷ್ಮೆ, ಪಾಲಿಯೆಸ್ಟರ್, ತುಂಡುಗಳನ್ನು ಸೇರಿಸಿ ಹೊಲಿದು ಭಾರವಾದ ಚೌಕ (ಬ್ಲಾಕ್), ಇವು ಫ್ಯಾನ್ ಇಲ್ಲದಿದ್ದರೂ ನಿಲ್ಲುವುದಿಲ್ಲ. ಪಿನ್ ಚುಚ್ಚುವುದೇ ಜಾಸ್ತಿ ಅಂದರೆ ಥರ್ಮೋಕೋಲ್ ಶೀಟಿಗೆ ಫ್ಲಾನೆಲ್ ಸುತ್ತಿ, ಹಿಂಬದಿ ಪ್ಯಾಕಿಂಗ್ ಟೇಪ್ ಹಾಕಿ ಒರಗಿಸಿಡಿ. ಅಂಟು ಬೇಕಾದರೆ ಬಿಳಿ ಫೆವಿಕಾಲ್ ಮಾತ್ರ. ಚಪ್ಪಲಿ ಅಂಟಿಸುವ ಹಳದಿ ಅಂಟು ಥರ್ಮೋಕೋಲನ್ನು ಕರಗಿಸಿಬಿಡುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನೂ ದೂರ ಇಡಿ.

ನೆಲದ ಮೇಲೆ ಹರಡಿದರೆ ಸಾಲದಾ ಅಂತ ಇನ್ನೂ ಕೆಲವರು ಕೇಳುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾ ಕೌದಿ ಹೊಲಿಯುತ್ತಾರೆ. ತುಂಡು ಎಲ್ಲಿ ಕೂರಬೇಕು ಅನ್ನುವುದು ಹೊಲಿಯುತ್ತಲೇ ತೀರ್ಮಾನವಾಗುತ್ತದೆ, ಅವರಿಗೆ ವಾಲ್ ಯಾಕೆ? ಆದರೆ ನಲವತ್ತು ಬ್ಲಾಕ್ ಮೊದಲೇ ಹೊಲಿದಿಟ್ಟು ಆಮೇಲೆ ಜೋಡಿಸುವ ನಮಗೆ ದೂರದಿಂದ ನೋಡುವುದು ಬೇಕು. ನೆಲದಲ್ಲಿ ಹತ್ತಿರದ ಸಾಲು ದೊಡ್ಡದು, ಆಚೆಯದು ಸಣ್ಣದು ಕಾಣುತ್ತದೆ, ಸಾಲದ್ದಕ್ಕೆ ಮೊಣಕಾಲು ನೋವು ಬೇರೆ. ತೂಗುಹಾಕಿ ಎಂಟು ಹತ್ತು ಅಡಿ ಹಿಂದೆ ಸರಿದು, ಫೋನಿನಲ್ಲಿ ಒಂದು ಕಪ್ಪು ಬಿಳುಪು ಫೋಟೋ ತೆಗೆಯಿರಿ. ಗಾಢ ಬಣ್ಣವೆಲ್ಲ ಒಂದೇ ಮೂಲೆಗೆ ಸೇರಿದ್ದರೆ ತಕ್ಷಣ ಗೊತ್ತಾಗುತ್ತದೆ.

ಅರ್ಧದಲ್ಲಿ ಎತ್ತಿಡಬೇಕಾದರೆ ಮೇಲೊಂದು ಹಳೆ ಬೆಡ್‌ಶೀಟ್ ಹಾಸಿ, ಕೆಳಗಿನ ಪೈಪಿನಿಂದ ಸುತ್ತುತ್ತಾ ಬನ್ನಿ, ತುಂಡುಗಳು ಇದ್ದಲ್ಲೇ ಇರುತ್ತವೆ. ಮಳೆಗಾಲಕ್ಕೆ ಎತ್ತಿಡುವುದಾದರೆ ಪಿನ್‌ಗಳನ್ನು ಮಾತ್ರ ತೆಗೆದಿಡಿ, ತೇವಕ್ಕೆ ತುಕ್ಕು ಹಿಡಿದು ಬಟ್ಟೆಗೆ ಕಲೆಯಾದರೆ ಹೋಗುವುದು ಕಷ್ಟ.