ಆಡ್ರಿ ಹೆಪ್‌ಬರ್ನ್ ಡ್ರೆಸ್‌ಗಳ ಕ್ರೆಡಿಟ್ ಯಾರಿಗೆ? ಈ ಗೊಂದಲ ಶುರುವಾಗಿದ್ದೆಲ್ಲಿ?

ಹಳೇ ಹಾಲಿವುಡ್ ನಟಿ ಆಡ್ರಿ ಹೆಪ್‌ಬರ್ನ್ ಸ್ಟೈಲ್ ಬಗ್ಗೆ ಮಾತು ಬಂದಾಗಲೆಲ್ಲ ಅದನ್ನ ಡಿಸೈನ್ ಮಾಡಿದ್ದು ಪ್ಯಾರಿಸ್‌ನ ಫ್ಯಾಷನ್ ಡಿಸೈನರ್ ಜಿವಾಂಶಿ ಅಂತ ಕೆಲವ್ರು, ಹಾಲಿವುಡ್‌ನ ಕಾಸ್ಟ್ಯೂಮ್ ಡಿಸೈನರ್ ಈಡಿತ್ ಹೆಡ್ ಅಂತ ಕೆಲವ್ರು ಜಗಳಕ್ಕೆ ನಿಲ್ತಾರೆ. ಇದು ಅರ್ಥ ಆಗ್ಬೇಕಂದ್ರೆ ಹಳೇ ಹಾಲಿವುಡ್ ಪದ್ಧತಿ ಗೊತ್ತಿರ್ಬೇಕು. ದೊಡ್ಡ ಸ್ಟುಡಿಯೋಗಳಲ್ಲಿ ಕಾಸ್ಟ್ಯೂಮ್ ಡಿಪಾರ್ಟ್‌ಮೆಂಟಿಗೆ ಒಬ್ರು ಮುಖ್ಯಸ್ಥರು, ಬಟ್ಟೆ ಯಾರ ಕೈಯಿಂದ ಬಂದ್ರೂ ಸಾಮಾನ್ಯವಾಗಿ ತೆರೆ ಮೇಲೆ ಬರ್ತಿದ್ದದ್ದು ಅವರ ಹೆಸ್ರೇ. ಪ್ಯಾರಾಮೌಂಟಲ್ಲಿ ಆ ಜಾಗದಲ್ಲಿದ್ದವರು ಹೆಡ್. ಆಡ್ರಿ ನಟಿಸಿದ ‘ರೋಮನ್ ಹಾಲಿಡೇ’ಗೆ ಅವ್ರಿಗೆ ಬಂದ ಆಸ್ಕರ್ ಬಗ್ಗೆ ತಕರಾರಿಲ್ಲ.

ತಕರಾರು ಶುರುವಾಗಿದ್ದು ಆಡ್ರಿಯ ಮುಂದಿನ ಸಿನಿಮಾ ‘ಸಬ್ರಿನಾ’ದಿಂದ. ಕಥೆಯಲ್ಲಿ ಡ್ರೈವರ್ ಮಗಳು ಪ್ಯಾರಿಸ್‌ಗೆ ಹೋಗಿ ಫ್ಯಾಷನಬಲ್ ಆಗಿ ವಾಪಸ್ ಬರ್ತಾಳೆ, ಹಾಗಾಗಿ ನಿಜವಾದ ಪ್ಯಾರಿಸ್ ಬಟ್ಟೆನೇ ಬೇಕು ಅಂತ 1953ರಲ್ಲಿ ಆಡ್ರಿ ಜಿವಾಂಶಿ ಹತ್ರ ಹೋದ್ರು. ಜಿವಾಂಶಿಗಾಗ ಬರೀ 26 ವರ್ಷ, ಅಂಗಡಿ ಶುರುಮಾಡಿ ಒಂದೇ ವರ್ಷ. ಮಿಸ್ ಹೆಪ್‌ಬರ್ನ್ ಬರ್ತಾರೆ ಅಂದಾಗ ಆಗಿನ ದೊಡ್ಡ ನಟಿ ಕ್ಯಾಥರೀನ್ ಹೆಪ್‌ಬರ್ನ್ ಅಂದ್ಕೊಂಡಿದ್ರಂತೆ, ಬಂದಿದ್ದು ಪ್ಯಾಂಟ್, ಫ್ಲಾಟ್ ಚಪ್ಪಲಿ, ಹುಲ್ಲಿನ ಟೋಪಿ ಹಾಕಿದ್ದ ಸಣಕಲು ಹುಡುಗಿ. ಹೊಸದು ಹೊಲಿಯೋಕೆ ಟೈಮಿಲ್ಲ ಅಂದ್ರು. ಹಾಗಾದ್ರೆ ಇರೋದ್ರಲ್ಲೇ ಕೊಡಿ ಅಂತ ಆಡ್ರಿ ಆ ಕಲೆಕ್ಷನ್‌ನಲ್ಲೇ ತಾವೇ ಆರಿಸ್ಕೊಂಡ್ರು. ಬೂದು ಬಣ್ಣದ ಸೂಟು, ಕಸೂತಿ ಮಾಡಿದ ಬಿಳಿ ಗೌನು, ಆಮೇಲೆ ಭುಜದ ಮೇಲೆ ಪುಟ್ಟ ಬೋ ಇರೋ ಕಪ್ಪು ಡ್ರೆಸ್ಸು. ಅದರ ಕತ್ತು ನಮ್ಮ ಟೇಲರ್‌ಗಳು ಬೋಟ್ ನೆಕ್ ಅಂತಾರಲ್ಲ, ಅದೇ ಕಟ್ಟು, ಎದ್ದು ಕಾಣೋ ಕತ್ತಿನ ಮೂಳೆ ಮುಚ್ಚುತ್ತೆ ಅಂತ ಆಡ್ರಿಗೆ ಇಷ್ಟ ಆಗಿತ್ತು. ತನ್ನ ಮೈಗೆ ಏನು ಒಪ್ಪುತ್ತೆ ಅಂತ ಅಷ್ಟು ಚೆನ್ನಾಗಿ ಗೊತ್ತಿದ್ದವರ ಪಾಲನ್ನ ಈ ಜಗಳದಲ್ಲಿ ಯಾರೂ ಎತ್ತೋದೇ ಇಲ್ಲ.

ಸಿನಿಮಾ ಬಂದಾಗ ಟೈಟಲ್‌ನಲ್ಲಿ ಜಿವಾಂಶಿ ಹೆಸ್ರಿಲ್ಲ. 1955ರಲ್ಲಿ ಆಸ್ಕರ್ ಹೋಗಿದ್ದೂ ಹೆಡ್‌ಗೆ. ಕಪ್ಪು ಡ್ರೆಸ್ ಹೊಲಿದಿದ್ದು ಸ್ಟುಡಿಯೋದಲ್ಲಾದ್ರೂ ಡಿಸೈನ್ ತನ್ನದು ಅಂತ ಜಿವಾಂಶಿ ಎಷ್ಟೋ ವರ್ಷ ಆದ್ಮೇಲೆ ಹೇಳಿದ್ರು. ಪದ್ಧತಿನೇ ಹಾಗಿತ್ತು ಸರಿ, ಆದ್ರೂ ಒಂದು ಸಾಲು ಸೇರ್ಸಿದ್ರೆ ಯಾರಿಗೂ ನಷ್ಟ ಆಗ್ತಿರ್ಲಿಲ್ಲ.

1957ರ ‘ಫನ್ನಿ ಫೇಸ್’ ಹೊತ್ತಿಗೆ ಇಬ್ರ ಹೆಸ್ರೂ ಬಂತು, ಆಸ್ಕರ್ ನಾಮಿನೇಷನ್ನೂ ಜೊತೆಗೇ. 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ನಲ್ಲಿ ಜಿವಾಂಶಿ ಹೆಸ್ರೇ ಮುಂದೆ, ಆದ್ರೆ ಆ ಕಪ್ಪು ಗೌನಲ್ಲಿ ಕಾಲು ಜಾಸ್ತಿ ಕಾಣುತ್ತೆ ಅಂತ ಕೆಳಭಾಗ ಬದಲಾಯಿಸಿದ್ದು ಹೆಡ್. ಜಿವಾಂಶಿ ದಾನ ಕೊಟ್ಟಿದ್ದ ಆ ಡಿಸೈನಿನ ಒಂದು ಗೌನು 2006ರಲ್ಲಿ ಲಂಡನ್ ಹರಾಜಲ್ಲಿ 4,67,200 ಪೌಂಡ್‌ಗೆ ಹೋಯ್ತು, ದುಡ್ಡು ಬಂದಿದ್ದು ನಮ್ಮ ದೇಶದ ಬಡವರ ಕೆಲಸಕ್ಕೆ.

ಈಗ ತಕ್ಕಡಿ ಜಿವಾಂಶಿ ಕಡೆಗೆ ವಾಲಿದೆ. ಆಡ್ರಿ ಹಾಕಿದ್ದೆಲ್ಲ ಜಿವಾಂಶಿನೇ ಅಂತಾರೆ, ‘ಮೈ ಫೇರ್ ಲೇಡಿ’ಯ ರೇಸ್ ಸೀನಿನ ಕಪ್ಪು ಬಿಳಿ ಡ್ರೆಸ್ಸನ್ನೂ ಸೇರ್ಸಿ. ಅದು ಆ ಸಿನಿಮಾದ ಕಾಸ್ಟ್ಯೂಮ್ ಡಿಸೈನರ್ ಸೆಸಿಲ್ ಬೀಟನ್ ಮಾಡಿದ್ದು.