ಹೊಸ ಕಾರನ್ನು ರಿಜಿಸ್ಟ್ರೇಷನ್‌ಗೆ ಮೊದಲೇ ನೋಡಿ

ಕಾರು ಪರೀಕ್ಷೆ ಮಾಡಿಕೊಡುವುದು ನನ್ನ ಕೆಲಸ. ಜಾಸ್ತಿ ಫೋನ್ ಬರುವುದು ಡೆಲಿವರಿಯ ದಿನ ಬೆಳಿಗ್ಗೆ. 'ಸಂಜೆ ಕಾರು ತಗೋತಿದೀವಿ, ಬಂದು ಒಂದ್ಸಲ ನೋಡ್ತೀರಾ?' ಅಷ್ಟು ಹೊತ್ತಿಗೆ ಪೂರ್ತಿ ದುಡ್ಡು ಕಟ್ಟಿ, ಕಾರು ಅವರ ಹೆಸರಿಗೆ ರಿಜಿಸ್ಟರ್ ಕೂಡ ಆಗಿರುತ್ತದೆ. ಆಮೇಲೆ ನಾನು ಏನೇ ಹುಡುಕಿದರೂ ರಿಪೇರಿ ಮಾಡಿಸಿಕೊಳ್ಳಬಹುದು ಅಷ್ಟೇ, ಬೇರೆ ಕಾರು ಕೇಳುವುದು ತುಂಬಾ ಕಷ್ಟ. ಹಾಗಾಗಿ ನಿಮಗೆ ಯಾವ ಕಾರು ಅಂತ ಗೊತ್ತಾದ ಕೂಡಲೇ ಅದರ 17 ಅಕ್ಷರಗಳ ಚಾಸಿ ನಂಬರ್ ಕೇಳಿ ಬರೆದುಕೊಳ್ಳಿ, ಡೀಲರ್ ಕಾರು ನಿಲ್ಲಿಸಿಟ್ಟಿರುವ ಯಾರ್ಡಿಗೇ ಹೋಗಿ ಅದೇ ನಂಬರಿನ ಕಾರನ್ನು ನೋಡಿ.

ಹಗಲು ಬೆಳಕಿನಲ್ಲಿ ನೋಡಿ. ಕಾರು ಒಣಗಿರಲಿ. ಈಗಷ್ಟೇ ತೊಳೆದು ನೀರಿಳಿಯುತ್ತಿರುವ ಕಾರಿನಲ್ಲಿ ಗೀರು ಕಾಣುವುದೇ ಇಲ್ಲ.

ಎಲ್ಲರೂ ಬಾಡಿಯ ಹೊಳಪು ನೋಡುತ್ತಾರೆ. ನಾನು ಮೊದಲು ನೋಡುವುದು ಬೋಲ್ಟು ಮತ್ತು ರಬ್ಬರ್ ಬೀಡಿಂಗ್, ಅಂದರೆ ಅಂಚಿನ ರಬ್ಬರ್ ಪಟ್ಟಿ. ಒಮ್ಮೆ ಒಂದು ಬಿಳಿ ಕಾರು, ಓಡಿದ್ದು 18 ಕಿ.ಮೀ. ಅಷ್ಟೇ. ಬಾನೆಟ್ ಎತ್ತಿದೆ. ಎಡಗಡೆ ಫೆಂಡರಿನ (ಮುಂದಿನ ಚಕ್ರದ ಮೇಲಿನ ತಗಡು) ಬೋಲ್ಟುಗಳ ಮೇಲೆ ಪೇಂಟ್ ಹಾಗೇ ಇತ್ತು, ಬಲಗಡೆಯವುಗಳ ಮೂಲೆಯಲ್ಲಿ ಸ್ಪ್ಯಾನರ್ ತಾಗಿ ಪೇಂಟ್ ಎದ್ದು ಲೋಹ ಕಾಣುತ್ತಿತ್ತು. ಫ್ಯಾಕ್ಟರಿಯಲ್ಲೇ ತಗಡುಗಳ ನಡುವಿನ ಗ್ಯಾಪ್ ಸರಿ ಮಾಡುವಾಗಲೂ ಹೀಗಾಗಬಹುದು, ಇದೊಂದನ್ನೇ ನಂಬಿ ಜಗಳಕ್ಕೆ ಹೋಗಬಾರದು. ಬಾಗಿಲ ಹತ್ತಿರದ ಬೀಡಿಂಗನ್ನು ಉಗುರಿನಿಂದ ಎತ್ತಿದೆ. ಒಳಗೆ ಕಪ್ಪು ರಬ್ಬರಿನ ಮೇಲೆ ಕೂದಲೆಳೆಯಷ್ಟು ಬಿಳಿ ಪೇಂಟ್. ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟರೆ ಉಳಿದ ಕಡೆಯೆಲ್ಲ ಸುಮಾರು 110 ಮೈಕ್ರಾನ್, ಆ ಫೆಂಡರ್ ಮೇಲೆ 260. ಎಲ್ಲೋ ಸಾಗಿಸುವಾಗ ತಾಗಿಸಿ, ಮತ್ತೆ ಪೇಂಟ್ ಮಾಡಿದ್ದರು. ಕಾರು ತೋರಿಸುತ್ತಿದ್ದ ಹುಡುಗನಿಗೇ ಅದು ಗೊತ್ತಿರಲಿಲ್ಲ, ಪಾಪ. ರಿಜಿಸ್ಟ್ರೇಷನ್ ಆಗಿರಲಿಲ್ಲವಾದ್ದರಿಂದ ಆ ಮನೆಯವರಿಗೆ ಬೇರೆ ಕಾರು ಸಿಕ್ಕಿತು.

ಕಾರು ಎಷ್ಟು ದಿನ ನಿಂತಿತ್ತು ಅನ್ನುವುದೂ ಮುಖ್ಯ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಕು ಇರುತ್ತದೆ, 0825 ಅಂದರೆ 2025ರ 8ನೇ ವಾರ ತಯಾರಾದದ್ದು. ಸ್ಟೆಪ್ನಿಯನ್ನೂ ಸೇರಿಸಿ ಎಲ್ಲ ಟೈರುಗಳ ತಾರೀಕು ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ತುಂಬಾ ಬೇರೆಯಾಗಿದ್ದರೆ ಯಾಕೆ ಅಂತ ಕೇಳಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಅದರ ಬುಡದ ಚೀಟಿಯಲ್ಲೂ ಸಾಮಾನ್ಯವಾಗಿ ತಾರೀಕು ಸಿಗುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಬ್ಯಾಟರಿ ಇಳಿದಿರುತ್ತದೆ. ಪೂರ್ತಿ ಚಾರ್ಜ್ ಆದ ಮಾಮೂಲಿ ಬ್ಯಾಟರಿ ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ ಅಂತಲೇ ಲೆಕ್ಕ. ಬಾನೆಟ್ ಒಳಗೆ ಇಲಿ ಹಿಕ್ಕೆ, ಕಡಿದ ವೈರು ಇದೆಯಾ ನೋಡಿ, ಇದನ್ನು ಸುಮ್ನೆ ಹೇಳುತ್ತಿಲ್ಲ. ಬ್ರೇಕ್ ಡಿಸ್ಕ್ ಮೇಲೆ ತೆಳ್ಳಗೆ ತುಕ್ಕು ಕಂಡರೆ ಮಾತ್ರ ಗಾಬರಿ ಬೇಡ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ಲೈಟು, ವೈಪರ್, ಎಸಿ, ಗಾಜು, ಎರಡೂ ಕೀ, ಜಾಕ್ ಇವೆಲ್ಲ ಹತ್ತು ನಿಮಿಷದ ಕೆಲಸ. ಇಗ್ನಿಷನ್ ಆನ್ ಮಾಡಿದಾಗ ಎಚ್ಚರಿಕೆ ದೀಪಗಳು ಹೊತ್ತಿಕೊಂಡು, ಎಂಜಿನ್ ಶುರುವಾದ ಮೇಲೆ ಆರಬೇಕು. ಹೊತ್ತಿಕೊಳ್ಳದೇ ಇದ್ದರೂ ತೊಂದರೆಯೇ.

ಸಣ್ಣ ಗೀರು ಸಿಕ್ಕರೆ 'ಡೆಲಿವರಿ ಆಮೇಲೆ ಪಾಲಿಶ್ ಮಾಡ್ಕೊಡ್ತೀವಿ ಸರ್' ಅನ್ನುತ್ತಾರೆ. ಆಗಲಿ ಅನ್ನಿ. ಆದರೆ ಫೋಟೋ ತೆಗೆದು, ಆ ಮಾತನ್ನು ಕಾಗದದಲ್ಲಿ ಬರೆಸಿ, ಅವರ ಸಹಿ ಬಿದ್ದ ಮೇಲೆ ನಿಮ್ಮ ಸಹಿ ಹಾಕಿ.